ಶುಕ್ರವಾರ ಸಂಜೆ ಕ್ರೂಸ್, ಮುಂಬೈಗೆ ಯಾವಾಗ ಹೊರಡಬೇಕು?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ಡಿಸೆಂಬರ್‌ನಲ್ಲಿ ಮುಂಬೈಯಿಂದ ಗೋವಾಕ್ಕೆ ಹೋಗಿ ಮತ್ತೆ ಮುಂಬೈಗೇ ಬರುವ ಮೂರು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೇವೆ. ನಾನು, ಯಜಮಾನರು, 11 ವರ್ಷದ ಮಗಳು, 4 ವರ್ಷದ ಮಗ ಮತ್ತು 71 ವರ್ಷದ ಅತ್ತೆ ಹೋಗುತ್ತಿದ್ದೇವೆ. ಅತ್ತೆಗೆ ಬಿಪಿ ಇದೆ, ಮಂಡಿ ನೋವೂ ಇದೆ. ಹಡಗು ಹೊರಡುವುದು ಶುಕ್ರವಾರ ಸಂಜೆ 5ಕ್ಕೆ. ಅದೇ ದಿನ ಬೆಳಿಗ್ಗೆ 6ರ ವಿಮಾನ ಹಿಡಿದರೆ 8ಕ್ಕೆಲ್ಲ ಮುಂಬೈಯಲ್ಲಿರುತ್ತೇವೆ, ಎಲಿಫೆಂಟಾ ದ್ವೀಪದ ಗುಹೆಗಳನ್ನು ನೋಡಿಕೊಂಡೇ ಹಡಗು ಹತ್ತಬಹುದು, ಒಂದು ದಿನದ ಹೋಟೆಲ್ ಖರ್ಚು ಉಳಿಯುತ್ತದೆ ಅನ್ನುವುದು ಯಜಮಾನರ ವಾದ. ನನಗೆ ಧೈರ್ಯ ಸಾಲುತ್ತಿಲ್ಲ. ವೆಬ್ ಚೆಕ್‌ಇನ್ ಆಗಿದ್ದರೆ ಹಡಗು ನಮಗಾಗಿ ಕಾಯುತ್ತದೆ ಎಂದು ನೆಂಟರೊಬ್ಬರು ಹೇಳಿದರು. ಹಿಂದಿನ ದಿನ ಹೋಗುವುದಾದರೆ ಏರ್‌ಪೋರ್ಟ್ ಹತ್ತಿರ ಅಂಧೇರಿಯಲ್ಲೇ ರೂಮ್ ಮಾಡಿ ಎಂದು ಏಜೆಂಟ್ ಹೇಳುತ್ತಾರೆ. ಅತ್ತೆಗೆ ಸಿದ್ಧಿವಿನಾಯಕನ ದರ್ಶನ ಆಗಬೇಕು, ಚಟ್ನಿಪುಡಿ, ಚಪಾತಿ ಕಟ್ಟಿಕೊಂಡೇ ಹೊರಡಬೇಕು. ವಾಂತಿ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು? ಸೋಮವಾರ ಬೆಳಿಗ್ಗೆ ಹಡಗು ವಾಪಸ್ ಬಂದ ಮೇಲೆ 10.30ರ ವಿಮಾನ ಸಿಗುತ್ತದೆಯೇ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಮನೆಯಲ್ಲಿ ಮಾತು ನಡೆದಿರುವುದು ಒಂದು ರಾತ್ರಿಯ ಹೋಟೆಲ್ ಬಾಡಿಗೆಯ ಬಗ್ಗೆ. ನಿಮ್ಮ ಮನಸ್ಸಿನಲ್ಲಿರುವ ಭಯ ಅದಕ್ಕಿಂತ ದೊಡ್ಡದು, ಮತ್ತು ಅದು ಸರಿಯಾದ ಭಯವೇ. ವಿಮಾನ ತಡವಾಗಿ ಹಡಗು ತಪ್ಪಿದರೆ ಐದು ಜನರ ಟಿಕೆಟ್ ದುಡ್ಡು ಬಹುತೇಕ ಪೂರ್ತಿ ಹೋಗುತ್ತದೆ. ರೈಲು ತಪ್ಪಿದರೆ ಇನ್ನೊಂದು ರೈಲು, ವಿಮಾನ ತಪ್ಪಿದರೆ ಇನ್ನೊಂದು ವಿಮಾನ ಸಿಗುತ್ತದೆ. ಆ ಶುಕ್ರವಾರದ ಹಡಗಿಗೆ ಬದಲಿ ಇಲ್ಲ. ಆದ್ದರಿಂದ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: ಗುರುವಾರವೇ ಮುಂಬೈ ಸೇರಿ, ಬಂದರಿನ ಪಕ್ಕದ ಫೋರ್ಟ್ ಅಥವಾ ಕೊಲಾಬಾದಲ್ಲಿ ಉಳಿಯಿರಿ, ಊರು ನೋಡುವುದನ್ನೆಲ್ಲ ಗುರುವಾರವೇ ಮುಗಿಸಿ. ಶುಕ್ರವಾರ ಬೆಳಿಗ್ಗೆಗೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಮೊದಲು ‘ಹಡಗು ಕಾಯುತ್ತದೆ’ ಎಂಬ ಮಾತು. ಇದು ಹುಟ್ಟಿಕೊಂಡಿರುವುದು ಅರ್ಧ ಸತ್ಯದಿಂದ. ದಾರಿಯಲ್ಲಿ ಸಿಗುವ ಊರಿನಲ್ಲಿ ಕ್ರೂಸ್ ಕಂಪನಿಯೇ ಏರ್ಪಡಿಸಿದ ಪ್ರವಾಸಕ್ಕೆ ಹೋಗಿ, ಅವರದೇ ಬಸ್ಸು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಹೊರಡುವ ಊರಿನಲ್ಲಿ, ನಿಮ್ಮಷ್ಟಕ್ಕೆ ನೀವು ಬರುತ್ತಿರುವಾಗ ಆ ಮಾತು ಅನ್ವಯಿಸುವುದಿಲ್ಲ. ವೆಬ್ ಚೆಕ್‌ಇನ್ ಎಂದರೆ ನಿಮ್ಮ ವಿವರ, ಫೋಟೊ, ಗುರುತುಪತ್ರ ಅವರ ಕಂಪ್ಯೂಟರಿಗೆ ಸೇರಿವೆ ಎಂದಷ್ಟೇ ಅರ್ಥ, ನೀವು ಹಡಗು ಹತ್ತಿದ್ದೀರಿ ಎಂದಲ್ಲ.

ಟಿಕೆಟಿನಲ್ಲಿ ಸಂಜೆ 5 ಎಂದಿರುವುದು ಹಡಗು ದಡ ಬಿಡುವ ಹೊತ್ತು. ನಿಮಗೆ ಮುಖ್ಯವಾದದ್ದು ಚೆಕ್‌ಇನ್ ಕೌಂಟರ್ ಮುಚ್ಚುವ ಹೊತ್ತು. ಅದು ಹಡಗು ಹೊರಡುವುದಕ್ಕೆ ಒಂದು ಗಂಟೆ, ಒಂದೂವರೆ ಗಂಟೆ, ಕೆಲವೊಮ್ಮೆ ಅದಕ್ಕೂ ಮೊದಲೇ ಇರುತ್ತದೆ, ನಿಮ್ಮ ಬೋರ್ಡಿಂಗ್ ಪಾಸ್‌ನಲ್ಲಿ ಬರೆದಿರುತ್ತಾರೆ. ಇಷ್ಟು ಮೊದಲೇ ಮುಚ್ಚುವುದಕ್ಕೆ ಕಾರಣವಿದೆ. ಹಡಗಿನಲ್ಲಿ ಯಾರು ಯಾರು ಇದ್ದಾರೆ ಎಂಬ ಅಂತಿಮ ಪಟ್ಟಿ ಬಂದರಿನ ಅಧಿಕಾರಿಗಳಿಗೆ ಹೋಗಬೇಕು. ಹೊರಡುವ ಮುನ್ನ ಪ್ರಯಾಣಿಕರಿಗೆಲ್ಲ ಸುರಕ್ಷತಾ ತರಬೇತಿ ಆಗಬೇಕು. ಹಡಗನ್ನು ಬಂದರಿನಿಂದ ಆಚೆಗೆ ಒಯ್ಯುವ ಪೈಲಟ್ ಬಂದರಿನ ನೌಕರರು, ಅವರಿಗೆ ಗೊತ್ತುಮಾಡಿದ ಸಮಯ ತಪ್ಪಿದರೆ ಮುಂದಿನ ಹಡಗುಗಳ ಸರದಿಯೂ ಹಿಂದೆ ಮುಂದಾಗುತ್ತದೆ. ಐದು ಜನರಿಗಾಗಿ ಸಾವಿರಕ್ಕೂ ಹೆಚ್ಚು ಜನರಿರುವ ಹಡಗನ್ನು ನಿಲ್ಲಿಸುವ ಅಧಿಕಾರ ಟರ್ಮಿನಲ್‌ನ ಕೌಂಟರಿನಲ್ಲಿ ಕುಳಿತವರಿಗೆ ಇರುವುದಿಲ್ಲ. ‘ಗೋವಾಕ್ಕೆ ಹೋಗಿ ಅಲ್ಲಿ ಹತ್ತಿಕೊಳ್ಳೋಣ’ ಎಂಬ ಯೋಚನೆಯನ್ನೂ ನೆಚ್ಚಿಕೊಳ್ಳಬೇಡಿ. ಅದಕ್ಕೆ ಕಂಪನಿಯ ಒಪ್ಪಿಗೆ ಬೇಕು, ಆ ಬಂದರಿನಲ್ಲಿ ಹತ್ತುವವರ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಬೇಕು, ಮತ್ತು ಇಷ್ಟೆಲ್ಲ ಒಂದೇ ರಾತ್ರಿಯಲ್ಲಿ ಆಗಬೇಕು.

ಇನ್ನು ಬೆಳಿಗ್ಗೆ 6ರ ವಿಮಾನ. ನಿಮ್ಮ ಯಜಮಾನರ ಲೆಕ್ಕದಲ್ಲಿ ಒಂದು ಅಂಶ ನಿಜ. ದಿನದ ಮೊದಲ ವಿಮಾನಗಳು ರಾತ್ರಿಯೇ ಬೆಂಗಳೂರಿಗೆ ಬಂದು ನಿಂತಿರುತ್ತವೆ, ಆದ್ದರಿಂದ ‘ಆ ಕಡೆಯಿಂದ ವಿಮಾನವೇ ಬಂದಿಲ್ಲ’ ಎಂಬ ಕಾರಣಕ್ಕೆ ತಡವಾಗುವುದು ಕಡಿಮೆ. ಬೇರೆ ತಿಂಗಳಾಗಿದ್ದರೆ ಅದು ಒಳ್ಳೆಯ ವಾದವೇ. ಡಿಸೆಂಬರ್‌ನಲ್ಲಿ ದೇವನಹಳ್ಳಿಯ ಮಂಜು ಅದನ್ನು ಕೆಡಿಸುತ್ತದೆ. ನಗರದೊಳಗೆ ಆಕಾಶ ತಿಳಿಯಾಗಿದ್ದರೂ ಕೆರೆ, ಹೊಲಗಳಿಂದ ಸುತ್ತುವರಿದ ಆ ಬಯಲಿನಲ್ಲಿ ನೆಲ ರಾತ್ರಿಯಿಡೀ ತಣ್ಣಗಾಗಿ, ಗಾಳಿಯ ಓಡಾಟವಿಲ್ಲದ ದಿನ ಬೆಳಗಿನ ಜಾವಕ್ಕೆ ಮಂಜು ಕವಿಯುತ್ತದೆ. ಬಿಸಿಲು ಏರುವವರೆಗೂ ಕರಗುವುದಿಲ್ಲ. ದಕ್ಷಿಣ ರನ್‌ವೇಯಲ್ಲಿ ಮಂಜಿನಲ್ಲೂ ವಿಮಾನ ಇಳಿಸುವ ವ್ಯವಸ್ಥೆ ಬಂದ ಮೇಲೆ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೆ ವಿಮಾನಗಳ ನಡುವಿನ ಅಂತರ ಹೆಚ್ಚಿಸಬೇಕಾಗುತ್ತದೆ, ಸಾಲು ಉದ್ದವಾಗುತ್ತದೆ. ಅತ್ತ ಮುಂಬೈಯಲ್ಲಿ ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಒಂದು ಹೊತ್ತಿಗೆ ಒಂದನ್ನೇ ಬಳಸಬೇಕು. ಬೆಳಗಿನ ದಟ್ಟಣೆಯಲ್ಲಿ ಅಲ್ಲಿನ ಆಕಾಶದಲ್ಲಿ ಅರ್ಧ ಗಂಟೆ ಸುತ್ತು ಹೊಡೆಯುವುದು ಹೊಸದೇನಲ್ಲ.

ಇಷ್ಟಾದರೂ ಒಂದೆರಡು ಗಂಟೆ ತಡವಾಗಬಹುದು, ಸಂಜೆಯವರೆಗೆ ಸಮಯ ಇದೆಯಲ್ಲ ಎಂದು ನೀವು ಕೇಳಬಹುದು. ನಿಜ, ಹತ್ತರಲ್ಲಿ ಒಂಬತ್ತು ಸಲ ಏನೂ ಆಗುವುದಿಲ್ಲ. ವಿಮಾನ ರದ್ದಾದರೆ ಏನು ಗತಿ ಎಂಬುದನ್ನು ಯೋಚಿಸಿ. ಶುಕ್ರವಾರ ಬೆಂಗಳೂರು–ಮುಂಬೈ ನಡುವೆ ವಿಮಾನಗಳು ಬಹಳ ಇವೆ, ಖಾಲಿ ಸೀಟುಗಳು ಬಹಳ ಇಲ್ಲ. ಅದರಲ್ಲೂ ಐದು ಸೀಟು ಒಟ್ಟಿಗೆ ಸಿಗುವುದು ಕಷ್ಟ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಪೈಲಟ್‌ಗಳ ವಿಶ್ರಾಂತಿ ನಿಯಮ ಬದಲಾದಾಗ ದೇಶದಾದ್ಯಂತ ಸಾವಿರಾರು ವಿಮಾನಗಳು ರದ್ದಾದದ್ದು ನಿಮಗೆ ನೆನಪಿರಬಹುದು, ಬೆಂಗಳೂರು ನಿಲ್ದಾಣದಲ್ಲಿ ಜನ ದಿನಗಟ್ಟಲೆ ಕಾದರು. ಅಂಥದ್ದು ಪದೇ ಪದೇ ಆಗುವುದಿಲ್ಲ, ಆದರೆ ಒಂದು ದಿನ ಮೊದಲು ಹೊರಟವರಿಗೆ ರೈಲೋ ಕಾರೋ ಹಿಡಿಯುವ ದಾರಿ ಉಳಿದಿರುತ್ತದೆ. ಅದೇ ದಿನ ಹೊರಟವರಿಗೆ ಉಳಿದಿರುವುದಿಲ್ಲ. ಇನ್ನು ಚೆಕ್‌ಇನ್ ಬ್ಯಾಗು ಬರದಿದ್ದರೆ? ಗುರುವಾರ ಬಂದಿದ್ದರೆ ರಾತ್ರಿಯ ವಿಮಾನದಲ್ಲಿ ಬಂದ ಬ್ಯಾಗನ್ನು ವಿಮಾನ ಕಂಪನಿಯವರು ಹೋಟೆಲಿಗೇ ತಲುಪಿಸುತ್ತಾರೆ. ಶುಕ್ರವಾರವಾದರೆ ನೀವು ನಡುಸಮುದ್ರದಲ್ಲಿರುತ್ತೀರಿ, ಬ್ಯಾಗು ಬೆಲ್ಟಿನ ಮೇಲಿರುತ್ತದೆ.

ವಿಜಯನಗರದಿಂದ 6ರ ವಿಮಾನಕ್ಕೆ ಹೊರಡಬೇಕಾದರೆ ಅತ್ತೆಯವರೂ ಮಕ್ಕಳೂ ರಾತ್ರಿ ಎರಡಕ್ಕೇ ಏಳಬೇಕು. ಅಂಥ ನಿದ್ದೆಗೆಟ್ಟ ದಿನ ಮೊದಲ ಸಲ ಸಮುದ್ರಕ್ಕೆ ಇಳಿದರೆ ಹೊಟ್ಟೆ ತೊಳಸುವುದು ಹೆಚ್ಚು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾದರೆ ಗುರುವಾರ ಯಾವ ಹೊತ್ತಿಗೆ? ಬೆಳಿಗ್ಗೆ 9–10ರ ಸುಮಾರಿನ ವಿಮಾನ ಎಲ್ಲಕ್ಕಿಂತ ಒಳ್ಳೆಯದು. ಮಂಜು ಕರಗಿರುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಹೋಟೆಲ್ ಸೇರುತ್ತೀರಿ, ಅರ್ಧ ದಿನ ಊರು ನೋಡಲು ಸಿಗುತ್ತದೆ. ರಜೆ ಸಿಗದಿದ್ದರೆ ಗುರುವಾರ ರಾತ್ರಿಯ ವಿಮಾನವೂ ಆದೀತು. ಊರು ನೋಡಲು ಆಗುವುದಿಲ್ಲ, ಹೋಟೆಲ್ ಸೇರುವಾಗ ನಡುರಾತ್ರಿ ಆಗಬಹುದು, ಆದರೂ ಹಡಗಿನ ಚಿಂತೆ ಇರುವುದಿಲ್ಲ. ರೈಲು ಇಷ್ಟವಿದ್ದರೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಬುಧವಾರ ರಾತ್ರಿ ಹತ್ತಿದರೆ ಸುಮಾರು 24 ಗಂಟೆಯ ಪ್ರಯಾಣ, ಗುರುವಾರ ರಾತ್ರಿ ನೇರ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದಲ್ಲೇ ಇಳಿಸುತ್ತದೆ. ಅಲ್ಲಿಂದ ಬಂದರು ಎರಡು ಕಿಲೊಮೀಟರಿಗೂ ಒಳಗೆ. ಆದರೆ ಮಂಡಿ ನೋವಿರುವವರಿಗೆ ಇಡೀ ದಿನದ ರೈಲು ಪ್ರಯಾಣವಾದ ಮೇಲೆ ಮೂರು ರಾತ್ರಿಯ ಹಡಗು ಜಾಸ್ತಿಯೇ ಆಗುತ್ತದೆ. ನಿಮಗೆ ನಾನು ಹೇಳುವುದು ಗುರುವಾರ ಬೆಳಗಿನ ವಿಮಾನವನ್ನೇ.

ಟಿಕೆಟ್ ತೆಗೆಯುವಾಗ ಒಂದನ್ನು ಗಮನಿಸಿ. ಮುಂಬೈಗೆ ಈಗ ಎರಡು ವಿಮಾನ ನಿಲ್ದಾಣಗಳಿವೆ. ನವಿ ಮುಂಬೈ ನಿಲ್ದಾಣದಿಂದ 2025ರ ಡಿಸೆಂಬರ್ 25ರಂದು ವಿಮಾನ ಸಂಚಾರ ಶುರುವಾಗಿದೆ. ಆ್ಯಪ್‌ಗಳಲ್ಲಿ ‘ಮುಂಬೈ’ ಎಂದು ಹುಡುಕಿದರೆ ಎರಡೂ ಒಟ್ಟಿಗೆ ಬರುತ್ತವೆ. ಅಗ್ಗದ ದರ ಕಂಡು ಒತ್ತಿಬಿಟ್ಟರೆ ಇಳಿದ ಮೇಲೆ ಗೊತ್ತಾಗುತ್ತದೆ. ಹಳೆಯ ನಿಲ್ದಾಣದ ಗುರುತು ಬಿಒಎಂ, ಹೊಸದರದು ಎನ್‌ಎಂಐ. ಹೊಸದರಲ್ಲಿ ಇಳಿಯುವುದು ತಪ್ಪೇನಲ್ಲ. 2024ರಲ್ಲಿ ತೆರೆದ, ಸುಮಾರು 22 ಕಿಲೊಮೀಟರ್ ಉದ್ದದ ಅಟಲ್ ಸೇತು ಹಿಡಿದು ಶಿವಡಿಗೆ ಬಂದು, ಅಲ್ಲಿಂದ ಈಸ್ಟರ್ನ್ ಫ್ರೀವೇ ಏರಿದರೆ ಬಂದರಿನ ಹತ್ತಿರವೇ ಇಳಿಯುತ್ತೀರಿ. ಟೋಲ್ ಮತ್ತು ಟ್ಯಾಕ್ಸಿ ಬಾಡಿಗೆ ಜಾಸ್ತಿ ಬೀಳುತ್ತದೆ, ಮೆಟ್ರೊ ಅನುಕೂಲ ಇರುವುದಿಲ್ಲ, ಅಷ್ಟೇ. ಗೊತ್ತಿದ್ದು ಇಳಿಯಿರಿ.

ಅಂಧೇರಿ ರೂಮಿನ ಸಲಹೆಯನ್ನು ಬಿಟ್ಟುಬಿಡಿ. ಮರುದಿನ ಬೆಳಿಗ್ಗೆ ವಿಮಾನ ಹಿಡಿಯುವವರಿಗೆ ಅದು ಸರಿಯಾದ ಜಾಗ. ನೀವು ಹಿಡಿಯಬೇಕಾದದ್ದು ಹಡಗು, ಅದು ಊರಿನ ಇನ್ನೊಂದು ತುದಿಯಲ್ಲಿದೆ. ಮುಂಬೈ ಉತ್ತರ–ದಕ್ಷಿಣವಾಗಿ ಉದ್ದಕ್ಕೆ ಚಾಚಿದ ಊರು, ಕಚೇರಿಗಳೆಲ್ಲ ದಕ್ಷಿಣದಲ್ಲಿ ಹೆಚ್ಚು, ಮನೆಗಳು ಉತ್ತರದಲ್ಲಿ. ಕೆಲಸದ ದಿನ ಬೆಳಿಗ್ಗೆ ಇಡೀ ಊರು ನೀವು ಹೋಗಬೇಕಾದ ದಿಕ್ಕಿಗೇ ಹೊರಟಿರುತ್ತದೆ. 25 ಕಿಲೊಮೀಟರಿನೊಳಗಿನ ದಾರಿಗೆ ಒಂದೂವರೆ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಫೋರ್ಟ್, ಕೊಲಾಬಾ, ಚರ್ಚ್‌ಗೇಟ್ ಸುತ್ತಮುತ್ತ ಅದೇ ದುಡ್ಡಿಗೆ ರೂಮು ಚಿಕ್ಕದಾಗಿರುತ್ತದೆ, ಕಟ್ಟಡ ಹಳೆಯದಾಗಿರುತ್ತದೆ. ಬುಕ್ ಮಾಡುವ ಮುನ್ನ ಫೋನ್ ಮಾಡಿ ಎರಡು ವಿಷಯ ಕೇಳಿ: ಲಿಫ್ಟ್ ನೆಲಮಹಡಿಯಿಂದಲೇ ಇದೆಯೇ? ಬ್ರಿಟಿಷರ ಕಾಲದ ಕಟ್ಟಡಗಳಲ್ಲಿ ಮೊದಲ ಹತ್ತು–ಹದಿನೈದು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಸಿಗುವುದುಂಟು, ಅತ್ತೆಯವರಿಗೆ ಅದೇ ಕಷ್ಟ. ಎರಡನೆಯದು, ಚೆಕ್‌ಔಟ್ ಆದ ಮೇಲೆ ಬ್ಯಾಗುಗಳನ್ನು ಇಟ್ಟುಕೊಳ್ಳುತ್ತಾರೆಯೇ? ಸಿಎಸ್‌ಎಂಟಿಯ ಕ್ಲೋಕ್ ರೂಮನ್ನು ನಂಬಿಕೊಳ್ಳಬೇಡಿ, ಅಲ್ಲಿ ರೈಲು ಟಿಕೆಟ್ ಕೇಳುತ್ತಾರೆ.

ಏರ್‌ಪೋರ್ಟಿನಿಂದ ಫೋರ್ಟ್‌ಗೆ ಬರುವುದಕ್ಕೆ ಬೆಂಗಳೂರಿನವರು ಮೊದಲು ಮರೆಯಬೇಕಾದದ್ದು ಆಟೊ. ದಕ್ಷಿಣ ಮುಂಬೈಗೆ ಆಟೊಗಳಿಗೆ ಪ್ರವೇಶವೇ ಇಲ್ಲ, ಬಾಂದ್ರಾ, ಸಯನ್ ಕಡೆಗೇ ನಿಲ್ಲುತ್ತವೆ. ಅಲ್ಲಿಂದ ಈಚೆಗೆ ಓಡುವುದು ಕಪ್ಪು–ಹಳದಿ ಟ್ಯಾಕ್ಸಿ, ಆ್ಯಪ್ ಟ್ಯಾಕ್ಸಿ, ‘ಬೆಸ್ಟ್’ ಎಂಬ ನಗರ ಸಾರಿಗೆಯ ಬಸ್ಸು. ಕಪ್ಪು–ಹಳದಿ ಟ್ಯಾಕ್ಸಿ ಮೀಟರ್ ಮೇಲೆ ಓಡುತ್ತದೆ, ಕನಿಷ್ಠ ದರ 2025ರ ಫೆಬ್ರುವರಿಯಿಂದ 31 ರೂಪಾಯಿ. ಆದರೆ ಡಿಕ್ಕಿ ತೆಗೆದು ನೋಡಿ: ಬಹುತೇಕ ಗಾಡಿಗಳು ಸಿಎನ್‌ಜಿ, ಸಿಲಿಂಡರ್ ಅರ್ಧ ಜಾಗ ನುಂಗಿರುತ್ತದೆ. ಒಂದು ದೊಡ್ಡ ಸೂಟ್‌ಕೇಸ್ ಹಿಡಿದರೆ ಹೆಚ್ಚು, ಉಳಿದದ್ದು ಮೇಲಿನ ಕ್ಯಾರಿಯರಿಗೆ. ಐದು ಜನ, ನಾಲ್ಕು ಬ್ಯಾಗು ಎಂದರೆ ಎರಡು ಟ್ಯಾಕ್ಸಿ ಬೇಕು, ಇಲ್ಲವೇ ಆ್ಯಪ್‌ನಲ್ಲಿ ಆರು ಸೀಟಿನ ಗಾಡಿಯನ್ನೇ ಕರೆಯಿರಿ. ಅದರಲ್ಲೂ ಮೂರನೆಯ ಸಾಲಿನ ಸೀಟು ಬಿಚ್ಚಿದರೆ ಬ್ಯಾಗಿಗೆ ಜಾಗ ಇರುವುದಿಲ್ಲ, ಮೇಲೆ ಕ್ಯಾರಿಯರ್ ಇದೆಯೇ ಎಂದು ಡ್ರೈವರನ್ನು ಕೇಳಿಯೇ ಒಪ್ಪಿಕೊಳ್ಳಿ.

ಮೆಟ್ರೊ 3, ಅಂದರೆ ಅಕ್ವಾ ಲೈನ್, 2025ರ ಅಕ್ಟೋಬರಿನಿಂದ ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳಿಗೆ, ಸಿಎಸ್‌ಎಂಟಿಗೆ, ಹುತಾತ್ಮಾ ಚೌಕಕ್ಕೆ, ಚರ್ಚ್‌ಗೇಟ್‌ಗೆ ಅದರಲ್ಲಿ ನಿಲ್ದಾಣಗಳಿವೆ. ಟ್ರಾಫಿಕ್ ಹಂಗಿಲ್ಲದೆ ಸುಮಾರು ಮುಕ್ಕಾಲು ಗಂಟೆಯಲ್ಲಿ ದಕ್ಷಿಣಕ್ಕೆ ತಲುಪಬಹುದು. ಇಬ್ಬರೇ ಇದ್ದು, ಕೈಲಿ ಒಂದೊಂದು ಬ್ಯಾಗ್ ಇದ್ದರೆ ನಾನು ಇದನ್ನೇ ಹೇಳುತ್ತಿದ್ದೆ. ಇಡೀ ದಾರಿ ನೆಲದಾಳದಲ್ಲಿರುವುದರಿಂದ ಇಳಿದು ಹತ್ತುವ ನಡಿಗೆ ಸಾಕಷ್ಟಿದೆ. ನಿಮ್ಮ ಕುಟುಂಬಕ್ಕೆ ಟ್ಯಾಕ್ಸಿಯೇ ಸರಿ.

ಗುರುವಾರ ಮಧ್ಯಾಹ್ನ ಏನು ನೋಡಬಹುದು? ಸಿದ್ಧಿವಿನಾಯಕನ ಗುಡಿ ಪ್ರಭಾದೇವಿಯಲ್ಲಿದೆ, ಏರ್‌ಪೋರ್ಟಿನಿಂದ ಫೋರ್ಟ್‌ಗೆ ಬರುವ ಹಾದಿಯಲ್ಲೇ. ಹಾಗೆಂದು ಬ್ಯಾಗುಗಳೊಂದಿಗೆ ಇಳಿಯಬೇಡಿ, ಭದ್ರತಾ ತಪಾಸಣೆಯಲ್ಲಿ ದೊಡ್ಡ ಬ್ಯಾಗ್ ಬಿಡುವುದಿಲ್ಲ. ಹೋಟೆಲಿಗೆ ಹೋಗಿ, ಊಟ ಮಾಡಿ, ಅತ್ತೆಯವರು ಒಂದು ಗಂಟೆ ಮಲಗಿ ಎದ್ದ ಮೇಲೆ ಹೊರಡಿ. ಅಕ್ವಾ ಲೈನಿನಲ್ಲಿ ಸಿದ್ಧಿವಿನಾಯಕ ಎಂಬ ನಿಲ್ದಾಣವೇ ಇದೆ, ಬ್ಯಾಗಿನ ಭಾರವಿಲ್ಲದಾಗ ಮೆಟ್ರೊ ಆರಾಮ, ಲಿಫ್ಟೂ ಇದೆ. ಮಂಗಳವಾರದ ನೂಕುನುಗ್ಗಲು ಗುರುವಾರ ಇರುವುದಿಲ್ಲ. ದರ್ಶನ ಮುಗಿಸಿ ಸಂಜೆ 6ರೊಳಗೆ ಮರೀನ್ ಡ್ರೈವ್ ತಲುಪಿದರೆ ಸೂರ್ಯಾಸ್ತ ಸಿಗುತ್ತದೆ, ಡಿಸೆಂಬರ್‌ನಲ್ಲಿ ಅಲ್ಲಿ ಆ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಅಲ್ಲಿ ಕಡಲ ದಂಡೆಯ ಗೋಡೆಯ ಮೇಲೆ ಕುಳಿತೇ ನೋಡಬಹುದು, ನಡೆಯಬೇಕಾಗಿಲ್ಲ. ಬೆನ್ನ ಹಿಂದಿನ ದುಂಡು ಮೂಲೆಯ ಆರ್ಟ್ ಡೆಕೊ ಕಟ್ಟಡಗಳನ್ನು ಮಗಳಿಗೆ ತೋರಿಸಿ. ಅವೂ, ಓವಲ್ ಮೈದಾನದ ಸುತ್ತಲಿನ ಗಾಥಿಕ್ ಕಟ್ಟಡಗಳೂ ಸೇರಿ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದಿವೆ.

ಊಟದ ವಿಷಯಕ್ಕೆ ಮುಂಬೈಯಲ್ಲಿ ಕನ್ನಡದವರು ಚಿಂತಿಸಬೇಕಾಗಿಲ್ಲ. ಫೋರ್ಟ್‌ನ ಓಣಿ ಓಣಿಯಲ್ಲೂ ಉಡುಪಿಯವರ ಹೋಟೆಲುಗಳಿವೆ. ಬಾಳೆಲೆ ಊಟವೇ ಬೇಕೆಂದರೆ ಮಾಟುಂಗಾ ರೈಲು ನಿಲ್ದಾಣದ ಎದುರಿನ, 1942ರಲ್ಲಿ ಶುರುವಾದ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ಗೆ ಹೋಗಬಹುದು, ಆದರೆ ಫೋರ್ಟ್‌ನಿಂದ ಅದು ದೂರ. ಬಂದರಿನ ಪಕ್ಕದ ಬಲ್ಲಾರ್ಡ್ ಎಸ್ಟೇಟ್‌ನಲ್ಲೇ 1923ರ ಪಾರ್ಸಿ ಹೋಟೆಲ್ ಬ್ರಿಟಾನಿಯಾ ಇದೆ, ಬೆರಿ ಪುಲಾವ್‌ಗೆ ಹೆಸರಾದದ್ದು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಗುರುವಾರ ರಾತ್ರಿ ಪಾನಿಪುರಿ, ಬರ್ಫ್ ಗೋಲಾ, ರಸ್ತೆ ಬದಿಯ ಹಸಿ ಚಟ್ನಿ ಬೇಡ. ಹಡಗು ಹತ್ತುವ ಮುನ್ನ ಆರೋಗ್ಯದ ಪ್ರಶ್ನಾವಳಿ ತುಂಬಿಸುವುದುಂಟು, ವಾಂತಿ ಭೇದಿ ಇದ್ದವರನ್ನು ವೈದ್ಯರು ಪರೀಕ್ಷಿಸಿ ತಡೆಯಬಹುದು ಅಥವಾ ಕ್ಯಾಬಿನ್‌ನಲ್ಲೇ ಇರಿಸಬಹುದು. ಮುಚ್ಚಿದ ಜಾಗ, ಎಲ್ಲರಿಗೂ ಒಂದೇ ಬಫೆ, ಒಂದೇ ರೇಲಿಂಗ್. ಹೊಟ್ಟೆಯ ಸೋಂಕು ಹಡಗಿನಲ್ಲಿ ಬೇಗ ಹಬ್ಬುವುದರಿಂದಲೇ ಈ ಕಟ್ಟುನಿಟ್ಟು. ಭೇಲ್‌ಪುರಿಯ ಆಸೆಯನ್ನು ಸೋಮವಾರ ವಾಪಸ್ ಬಂದ ಮೇಲೆ ತೀರಿಸಿಕೊಳ್ಳಿ.

ಎಲಿಫೆಂಟಾವನ್ನು ಶುಕ್ರವಾರಕ್ಕೆ ಬೇಡವೇ ಬೇಡ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ ಬೆಳಿಗ್ಗೆ 9ರ ಸುಮಾರಿಗೆ ಶುರು, ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ದೋಣಿ ತುಂಬುವವರೆಗೆ ಕಾಯಬೇಕು. ಜೆಟ್ಟಿಯಿಂದ ಪುಟಾಣಿ ರೈಲು ಇದ್ದರೂ ಆಮೇಲೆ 120ರಷ್ಟು ಮೆಟ್ಟಿಲು ಹತ್ತಬೇಕು. ಎಲ್ಲ ಸರಿಹೋದರೂ ಗೇಟ್‌ವೇಗೆ ಮರಳುವಾಗ ಮಧ್ಯಾಹ್ನ 2 ಆಗುತ್ತದೆ, ಆಮೇಲೆ ಹೋಟೆಲಿಗೆ ಹೋಗಿ ಬ್ಯಾಗು ತೆಗೆದುಕೊಂಡು ಚೆಕ್‌ಇನ್‌ಗೆ ಓಡಬೇಕು. ಆ ಗುಹೆಗಳ ತ್ರಿಮುಖದ ಸದಾಶಿವನನ್ನು ಅವಸರದಲ್ಲಿ ನೋಡುವುದು ಅನ್ಯಾಯ. ಅದಕ್ಕಾಗಿ ಇನ್ನೊಮ್ಮೆ ಬನ್ನಿ, ಸೋಮವಾರ ಮಾತ್ರ ಬೇಡ, ಅಂದು ಗುಹೆಗಳಿಗೆ ರಜೆ. ಶುಕ್ರವಾರ ಬೆಳಿಗ್ಗೆ ಮಕ್ಕಳು ಸುಮ್ಮನಿರದಿದ್ದರೆ 1924ರಲ್ಲಿ ಪೂರ್ಣಗೊಂಡ ಗೇಟ್‌ವೇ ಆಫ್ ಇಂಡಿಯಾದ ಮುಂದೆ ಅರ್ಧ ಗಂಟೆ ಕಳೆದು ಬನ್ನಿ. ಇಲ್ಲವೇ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಒಂದು ಗಂಟೆ. ಎರಡೂ ಬಂದರಿಗೆ ಹತ್ತಿರ.

ಶುಕ್ರವಾರ ಟ್ಯಾಕ್ಸಿಯವರಿಗೆ ಬರೀ ‘ಕ್ರೂಸ್’ ಎಂದರೆ ಎಷ್ಟೋ ಜನ ಗೇಟ್‌ವೇಗೋ, ಭಾವುಚಾ ಧಕ್ಕಾಕ್ಕೋ ಕರೆದೊಯ್ಯುತ್ತಾರೆ. ಗೇಟ್‌ವೇ ಎಲಿಫೆಂಟಾ ದೋಣಿಗಳ ಜಾಗ, ಭಾವುಚಾ ಧಕ್ಕಾ ಮಾಂಡವಾ ಕಡೆಗೆ ವಾಹನಗಳನ್ನೂ ಒಯ್ಯುವ ರೋ–ರೋ ದೋಣಿಗಳ ಮತ್ತು ಮೀನುಗಾರರ ಜಾಗ. ಕ್ರೂಸ್ ಟರ್ಮಿನಲ್ ಇರುವುದು ಬಲ್ಲಾರ್ಡ್ ಪಿಯರ್‌ನಲ್ಲಿ, 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಹೊಸ ಟರ್ಮಿನಲ್ ಕೂಡ ಅಲ್ಲೇ. ‘ಬಲ್ಲಾರ್ಡ್ ಪಿಯರ್, ಗ್ರೀನ್ ಗೇಟ್’ ಎಂದು ಹೇಳಿ, ನಿಮ್ಮ ಬೋರ್ಡಿಂಗ್ ಪಾಸ್‌ನಲ್ಲಿ ಬೇರೆ ಗೇಟ್ ಬರೆದಿದ್ದರೆ ಅದನ್ನೇ ತೋರಿಸಿ. ಗೇಟಿನಲ್ಲಿ ಭದ್ರತಾ ಪಡೆ ಸಿಐಎಸ್‌ಎಫ್‌ನವರು ಪ್ರತಿಯೊಬ್ಬರ ಗುರುತುಪತ್ರ ನೋಡುತ್ತಾರೆ, ಆದ್ದರಿಂದ ಅವು ಸೂಟ್‌ಕೇಸಿನ ತಳದಲ್ಲಿರಬಾರದು. ನಿಮಗೆ ಕೊಟ್ಟ ಸಮಯಕ್ಕೇ ಹೋಗಿ. ಎರಡು ಗಂಟೆ ಮೊದಲು ಹೋದರೆ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ, ಕೊನೆಯ ಅರ್ಧ ಗಂಟೆಗೆ ಹೋದರೆ ಸಾಲು ಉದ್ದ.

ಗುರುತುಪತ್ರದ ಬಗ್ಗೆ ನಮ್ಮ ಕಡೆಯವರಿಗೆ ಒಂದು ವಿಶೇಷ ತೊಂದರೆ ಇದೆ. ಆಧಾರ್‌ನಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಇನಿಶಿಯಲ್ ಮಾತ್ರ ಇರುತ್ತದೆ, ಟಿಕೆಟ್ ಫಾರಂ ‘ಸರ್‌ನೇಮ್’ ಕೇಳಿದಾಗ ಏಜೆಂಟ್ ಗಂಡನ ಹೆಸರನ್ನೋ ಊರಿನ ಹೆಸರನ್ನೋ ತುಂಬಿಬಿಡುತ್ತಾರೆ. ಐದೂ ಜನರ ಹೆಸರು ಆಧಾರ್, ವಿಮಾನ ಟಿಕೆಟ್, ಕ್ರೂಸ್ ಟಿಕೆಟ್ ಮೂರರಲ್ಲೂ ಒಂದೇ ರೀತಿ ಇದೆಯೇ ಎಂದು ಇಂದೇ ನೋಡಿ. ಈಗ ತಿದ್ದಿಸುವುದು ಸುಲಭ, ಕೌಂಟರಿನಲ್ಲಿ ಕಷ್ಟ. ದೇಶದೊಳಗಿನ ಕ್ರೂಸ್‌ಗೆ ಪಾಸ್‌ಪೋರ್ಟೇ ಬೇಕೆಂಬುದು ಸುಳ್ಳು. ಆಧಾರ್, ವೋಟರ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಇಂಥವುಗಳ ಮೂಲ ಪ್ರತಿ ಸಾಕು. ಪ್ಯಾನ್ ಕಾರ್ಡನ್ನು ನೆಚ್ಚಬೇಡಿ, ಅದರಲ್ಲಿ ವಿಳಾಸವಿಲ್ಲ. ಮಗನಿಗೆ ನೀಲಿ ಬಣ್ಣದ ಬಾಲ ಆಧಾರ್ ಜೊತೆಗೆ ಜನನ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಿ. ಮುಂದೆ ಎಂದಾದರೂ ಲಕ್ಷದ್ವೀಪದ ಕ್ರೂಸ್‌ಗೆ ಹೋಗುವುದಾದರೆ ಲೆಕ್ಕ ಬೇರೆ, ಅಲ್ಲಿಗೆ ಪ್ರವೇಶ ಪರವಾನಗಿ ಬೇಕು, ಅದಕ್ಕೆ ದಾಖಲೆಗಳನ್ನು ಮೊದಲೇ ಕೊಡಬೇಕಾಗುತ್ತದೆ.

ಅತ್ತೆಯವರಿಗೆ ವೀಲ್‌ಚೇರ್ ಬೇಕೆಂದು ವಿಮಾನ ಕಂಪನಿಗೂ ಕ್ರೂಸ್ ಕಂಪನಿಗೂ ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು, ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ನಡೆಯುತ್ತೇನೆ ಎಂದು ಅವರು ಹೇಳಿದರೂ ಕೇಳಿಡಿ. ಟರ್ಮಿನಲ್‌ನಿಂದ ಹಡಗಿಗೆ ಏರುವ ಗ್ಯಾಂಗ್‌ವೇಯ ಇಳಿಜಾರು ದಿನವಿಡೀ ಒಂದೇ ಸಮ ಇರುವುದಿಲ್ಲ. ಮುಂಬೈಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ–ಇಳಿತದ ನಡುವೆ ನೀರಿನ ಮಟ್ಟದಲ್ಲಿ ನಾಲ್ಕು ಮೀಟರಿಗೂ ಹೆಚ್ಚು ವ್ಯತ್ಯಾಸವಾಗುತ್ತದೆ. ಹಡಗು ನೀರಿನೊಂದಿಗೆ ಏರಿಳಿಯುತ್ತದೆ, ಕಟ್ಟೆ ನಿಂತಲ್ಲೇ ಇರುತ್ತದೆ. ಮಧ್ಯಾಹ್ನ ಒಂದಕ್ಕೆ ಸಪಾಟಾಗಿದ್ದ ದಾರಿ ನಾಲ್ಕಕ್ಕೆ ಕಡಿದಾಗಿರಬಹುದು.

ದೊಡ್ಡ ಬ್ಯಾಗುಗಳಿಗೆ ಕ್ಯಾಬಿನ್ ಸಂಖ್ಯೆಯ ಟ್ಯಾಗ್ ಕಟ್ಟಿ ಟರ್ಮಿನಲ್‌ನಲ್ಲೇ ಒಪ್ಪಿಸುತ್ತೀರಿ, ಅವು ಕ್ಯಾಬಿನ್‌ಗೆ ಬರುವಾಗ ಸಂಜೆಯೋ ರಾತ್ರಿಯೋ ಆಗುತ್ತದೆ. ಬಿಪಿ ಮಾತ್ರೆಗಳು ಸ್ಟ್ರಿಪ್ ಸಮೇತ, ವೈದ್ಯರ ಚೀಟಿ, ಮಕ್ಕಳ ಒಂದು ಜೊತೆ ಬಟ್ಟೆ, ಈಜುಡುಗೆ, ಚಾರ್ಜರ್ ಇವೆಲ್ಲ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಎಕ್ಸ್‌ಟೆನ್ಷನ್ ಬೋರ್ಡ್, ಚಾಕು, ಊದುಬತ್ತಿ, ಮೇಣದಬತ್ತಿ ಒಯ್ಯಬೇಡಿ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು, ಸ್ಕ್ಯಾನರಿನಲ್ಲಿ ಇವು ಕಂಡ ಬ್ಯಾಗನ್ನು ತಡೆದಿಡುತ್ತಾರೆ. ಅತ್ತೆಯವರ ಚಪಾತಿ, ಚಟ್ನಿಪುಡಿ ಹೋಟೆಲಿನಲ್ಲಿ ಧಾರಾಳವಾಗಿ ತಿನ್ನಲಿ, ಹಡಗಿಗೆ ಮನೆಯ ಅಡುಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ಬೇಕಿದ್ದರೆ ಈಗಲೇ ಬುಕಿಂಗ್‌ನಲ್ಲಿ ಬರೆಸಿ.

ವಾಂತಿ ಮಾತ್ರೆ ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅಷ್ಟಾಗಿ ಪ್ರಯೋಜನವಿಲ್ಲ, ಹಡಗು ಹೊರಡುವ ಮೊದಲೇ ಹೊಟ್ಟೆಯಲ್ಲಿರಬೇಕು. ಆದರೆ ಮೆಡಿಕಲ್ ಶಾಪ್‌ನಲ್ಲಿ ಕೇಳಿದ ಕೂಡಲೇ ಕೊಡುವ ಪ್ರೊಮೆಥಜೀನ್‌ನಂಥ ಮಾತ್ರೆಗಳು ನಿದ್ದೆ ಬರಿಸುತ್ತವೆ, ವಯಸ್ಸಾದವರಲ್ಲಿ ತಲೆ ತಿರುಗುವುದು, ಗಲಿಬಿಲಿ ಉಂಟುಮಾಡಬಹುದು. ಅಲುಗಾಡುವ ನೆಲದ ಮೇಲೆ ಮಂಡಿ ನೋವಿನವರು ಬೀಳುವ ಅಪಾಯ ವಾಂತಿಗಿಂತ ದೊಡ್ಡದು. ಅತ್ತೆಯವರಿಗೂ 4 ವರ್ಷದ ಮಗನಿಗೂ ನಿಮ್ಮ ವೈದ್ಯರು ಹೇಳಿದ ಮಾತ್ರೆ, ಹೇಳಿದ ಪ್ರಮಾಣ ಮಾತ್ರ. ಡಿಸೆಂಬರ್‌ನಲ್ಲಿ ಅರಬ್ಬಿ ಸಮುದ್ರ ಮಳೆಗಾಲದಂತಿರುವುದಿಲ್ಲ, ಬಹುತೇಕ ಶಾಂತವಾಗಿರುತ್ತದೆ, ಮಾತ್ರೆ ಬೇಕಾಗದೆಯೂ ಇರಬಹುದು. ಕ್ಯಾಬಿನ್ ಬದಲಿಸಲು ಅವಕಾಶವಿದ್ದರೆ ಹಡಗಿನ ನಡುಭಾಗದ, ಕೆಳ ಅಂತಸ್ತಿನದನ್ನು ಕೇಳಿ, ಓಲಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ.

ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಅಷ್ಟರೊಳಗೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ಉಪಗ್ರಹ ನೆಟ್‌ವರ್ಕ್‌ಗೆ ಫೋನ್ ತಾನಾಗಿ ಸೇರಿಕೊಂಡರೆ ರೋಮಿಂಗ್ ಬಿಲ್ ದುಬಾರಿ.

ಶುಕ್ರವಾರದ ಟಿಕೆಟ್ ಈಗಾಗಲೇ ತೆಗೆದಿದ್ದು, ಬದಲಿಸಲು ಸಾಧ್ಯವೇ ಇಲ್ಲದಿದ್ದರೆ ಚೆಕ್‌ಇನ್ ಬ್ಯಾಗ್ ಇಲ್ಲದೆ ಕೈಚೀಲದಲ್ಲೇ ಹೊರಡಿ, ಗುರುವಾರ ರಾತ್ರಿ ದೇವನಹಳ್ಳಿಯ ಕಡೆ ಉಳಿದು ನಿದ್ದೆ ಉಳಿಸಿಕೊಳ್ಳಿ, ಇಳಿದವರು ನೇರ ಬಲ್ಲಾರ್ಡ್ ಎಸ್ಟೇಟ್ ಕಡೆಗೆ ಹೋಗಿ. ವಿಮಾನ ಕಂಪನಿ ತಾನೇ ಸಮಯ ಬದಲಿಸಿದ ಸಂದೇಶ ಕಳಿಸಿದರೆ ಅದನ್ನು ಹಿಡಿದು ಗುರುವಾರಕ್ಕೆ ಉಚಿತವಾಗಿ ಬದಲಿಸಿಕೊಡಲು ಕೇಳಿ, ಅನೇಕ ಸಲ ಒಪ್ಪುತ್ತಾರೆ. ಪ್ರಯಾಣ ವಿಮೆ ಇದ್ದರೆ ವಿಮಾನ ತಡವಾಗಿ ಹಡಗು ತಪ್ಪಿದ್ದಕ್ಕೆ ಪರಿಹಾರ ಇದೆಯೇ ಎಂದು ಷರತ್ತುಗಳಲ್ಲಿ ಓದಿ. ದೇಶದೊಳಗಿನ ಅಗ್ಗದ ಪಾಲಿಸಿಗಳಲ್ಲಿ ಅನೇಕವು ವಿಮಾನದ ವಿಳಂಬಕ್ಕೆ ಸಣ್ಣ ಮೊತ್ತವನ್ನಷ್ಟೇ ಕೊಡುತ್ತವೆ.

ಸೋಮವಾರದ 10.30ರ ವಿಮಾನ ಬೇಡ. ಹಡಗು ಬೆಳಿಗ್ಗೆ ಬೇಗನೆ ದಡ ಸೇರಿದರೂ ಪ್ರಯಾಣಿಕರನ್ನು ಗುಂಪು ಗುಂಪಾಗಿ ಇಳಿಸುತ್ತಾರೆ. ಹಿಂದಿನ ರಾತ್ರಿ ಕ್ಯಾಬಿನ್ ಹೊರಗಿಟ್ಟ ಬ್ಯಾಗುಗಳನ್ನು ಟರ್ಮಿನಲ್‌ನಲ್ಲಿ ಹುಡುಕಿ ತೆಗೆದುಕೊಳ್ಳಬೇಕು, ಆಮೇಲೆ ಸೋಮವಾರ ಬೆಳಗಿನ ಟ್ರಾಫಿಕ್ ದಾಟಿ ವಿಮಾನ ನಿಲ್ದಾಣ ಸೇರಬೇಕು. ಮಧ್ಯಾಹ್ನ 2ರ ನಂತರದ ವಿಮಾನ ತೆಗೆಯಿರಿ, ವೀಲ್‌ಚೇರ್ ಬೇಕಿರುವವರಿದ್ದಾಗ 3ರ ನಂತರದ್ದಾದರೆ ಇನ್ನೂ ಒಳ್ಳೆಯದು. ನಿಮ್ಮ ಬ್ಯಾಗುಗಳನ್ನು ನೀವೇ ಹೊತ್ತು ಇಳಿಯುವುದಾದರೆ ಮೊದಲ ಗುಂಪಿನಲ್ಲೇ ಇಳಿಯಬಹುದು, ಆದರೆ ಅತ್ತೆಯವರೊಂದಿಗೆ ಇಬ್ಬರು ಮಕ್ಕಳನ್ನೂ ನೋಡಿಕೊಳ್ಳಬೇಕಾದ ನಿಮಗೆ ನಾನು ಅದನ್ನು ಹೇಳುವುದಿಲ್ಲ.